ಸಲೋಮಿ ಎರಕ ಹೊಯ್ದ ಗಂಟೆ

ಬಹಳ ಹಿಂದೆ, ಮೃಗಗಳೂ ಮನುಷ್ಯರಂತೆ ಮಾತಾಡುತ್ತಿದ್ದ ಕಾಲದಲ್ಲಿ, ಮಂಜಿನಕೋಟೆ ಎಂಬ ರಾಜ್ಯವಿತ್ತು. ಅಲ್ಲಿನ ಕೆರೆಯ ದಂಡೆಯ ಮೇಲೆ ಇನ್ನಾಸಪ್ಪ, ಅವನ ಹೆಂಡತಿ ಸಲೋಮಿ, ಅವನ ತಾಯಿ ತೆರೇಸಮ್ಮ ವಾಸವಾಗಿದ್ದರು. ಚರ್ಚುಗಳಿಗೆ ಕಂಚಿನ ಗಂಟೆ ಎರಕ ಹೊಯ್ಯುವುದು ಅವರ ಮನೆತನದ ಕಸುಬು.

ಒಂದು ದಿನ ಧೂಮ್ರಜಟನೆಂಬ ಮಾಂತ್ರಿಕ ಅವರ ಬಾಗಿಲಿಗೆ ಬಂದ. "ನನ್ನ ಮಂತ್ರ ಕೆತ್ತಿದ ಗಂಟೆ ಮಾಡಿಕೊಡು. ಅದರ ಸದ್ದು ಕೇಳಿದವರೆಲ್ಲ ನನ್ನ ಆಳುಗಳಾಗಬೇಕು."

"ದೇವರ ಮನೆಗೆ ಜನರನ್ನು ಕರೆಯುವ ಗಂಟೆ ಮಾಡುವವನು ನಾನು. ಇದು ನನ್ನಿಂದಾಗದು," ಎಂದ ಇನ್ನಾಸಪ್ಪ.

ಮಾಂತ್ರಿಕ ಒಂದು ಹಿಡಿ ಬೂದಿ ಎರಚಿದ. ಇನ್ನಾಸಪ್ಪನಿದ್ದ ಜಾಗದಲ್ಲಿ ಬೂದುಬಣ್ಣದ ಕೊಕ್ಕರೆಯೊಂದು ನಿಂತಿತ್ತು.

ಅವನೊಬ್ಬನಿಗೇ ಹೀಗಾಗಿರಲಿಲ್ಲ. ಮಾಂತ್ರಿಕನಿಗೆ ಎದುರಾಡಿದ ರಾಜಕುಮಾರ ಜಿಂಕೆಯಾಗಿ ಬೆಟ್ಟ ಹತ್ತಿದ್ದ. ಎಷ್ಟೋ ಜನ ತೋಳಗಳಾಗಿ, ಮೊಲಗಳಾಗಿ, ಹದ್ದುಗಳಾಗಿ ಕಾಡುಪಾಲಾಗಿದ್ದರು. ಅವರ ಆಯುಸ್ಸು ಹೀರಿಯೇ ಮಾಂತ್ರಿಕ ಬದುಕುತ್ತಿದ್ದ. ದಿನ ಕಳೆದಂತೆ ಅವರು ತಮ್ಮವರನ್ನು ಮರೆಯುತ್ತಿದ್ದರು. ಪೂರ್ತಿ ಮರೆತವರು ಮರಳಿ ಮನುಷ್ಯರಾಗುವುದಿಲ್ಲ ಎಂದು ಜನ ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದರು.

ಸಲೋಮಿ ಚರ್ಚಿಗೆ ಓಡಿ, ಮೊಣಕಾಲೂರಿ ಅತ್ತಳು. ಆಗ ಪೀಠದ ಕಡೆಯಿಂದ ದನಿಯೊಂದು ಕೇಳಿಸಿತು. "ಮಗಳೇ, ಕೆರೆಯ ದಂಡೆಯಲ್ಲಿ ಗಂಟೆ ಎರಕ ಹೊಯ್ಯಿ. ಅದರ ನಾದ ಕೇಳಿದವರ ಮಾಯೆ ಕಳಚುತ್ತದೆ. ಗುಂಡಿಯ ಮೇಲೆ ಹುಲ್ಲು ಚಿಗುರಿದ ದಿನ ಅದನ್ನು ಹೊರತೆಗೆ. ಅದಕ್ಕೆ ಮೊದಲು ಮುಟ್ಟಬೇಡ."

ಸಲೋಮಿ ದಂಡೆಯಲ್ಲಿ ಗುಂಡಿ ತೋಡಿ, ಅಚ್ಚು ಹೂತು, ಕರಗಿದ ಕಂಚು ಸುರಿದು, ಮಣ್ಣು ಮುಚ್ಚಿದಳು. ಒಂದು ವಾರದಲ್ಲಿ ಆರಬೇಕಾದ ಕಂಚು ಆರಲಿಲ್ಲ. ತಿಂಗಳು ಕಳೆಯಿತು. ಮಣ್ಣಿನ ಮೇಲೆ ಅಂಗೈಯಿಟ್ಟರೆ ಇನ್ನೂ ಸುಡುತ್ತಿತ್ತು. ಇಂಥದ್ದನ್ನು ಅವರ ಮನೆತನದಲ್ಲಿ ಯಾರೂ ಕಂಡಿರಲಿಲ್ಲ. ಕೊಕ್ಕರೆ ದಿನವೂ ಬಂದು ಅವಳ ಪಕ್ಕದಲ್ಲಿ ನಿಲ್ಲುತ್ತಿತ್ತು, "ಸಲೋಮಿ" ಎನ್ನುತ್ತಿತ್ತು. ಬರಬರುತ್ತಾ ಆ ಹೆಸರು ಅದರ ಗಂಟಲಲ್ಲೇ ತೊದಲತೊಡಗಿತು.

ಒಂದು ಮುಂಜಾನೆ ನರಿಯೊಂದು ಬಂತು. ಅದು ಮಾಂತ್ರಿಕನ ನರಿ.

"ಇವತ್ತು ನಿನ್ನ ಗಂಡ ನಿನ್ನ ಹೆಸರು ಮರೆಯುತ್ತಾನೆ. ನಾಳೆ ತಾಯಿಯ ಮುಖ ಮರೆಯುತ್ತಾನೆ. ಅಗೆದು ತೆಗೆಯಬಾರದಾ?"

ಆ ದಿನ ಕೊಕ್ಕರೆ ಬಂತು, ಸುಮ್ಮನೆ ನಿಂತಿತು, ಅವಳ ಹೆಸರು ಹೇಳದೆ ಹಾರಿಹೋಯಿತು. ಸಲೋಮಿ ಗುದ್ದಲಿ ಎತ್ತಿಕೊಂಡಳು. "ಪ್ರಭುವೇ, ಕಾಯಲು ಹೇಳಿದವನು ನೀನೇ," ಎಂದು ಗುದ್ದಲಿಯನ್ನು ಕೆಳಗಿಟ್ಟಳು.

ಇನ್ನೊಂದು ದಿನ ಧೂಮ್ರಜಟನೇ ಬಂದ. ಅವನ ಕೈಯಲ್ಲಿ ನೀಲಿ ಗಾಜಿನ ಕುಪ್ಪಿ.

"ಉರಿಯುವ ಬೆಟ್ಟವನ್ನೂ ತಣಿಸುವ ನೀರಿದು, ತಂಗಿ. ನನಗೇನೂ ಕೊಡಬೇಡ. ಸುರಿ, ತೆಗೆ, ಬಾರಿಸು."

ಅವಳು ಅದನ್ನು ಇಸಿದುಕೊಂಡಳು. ಹೌದು, ಇಸಿದುಕೊಂಡಳು, ಬಾಗಿಸಿದಳು ಕೂಡ. ಒಂದು ಹನಿ ಬಿದ್ದದ್ದೇ ತಡ, ನೆಲ ಚಟಾರೆಂದು ಬಿರಿಯಿತು. ಸುರಿದಿದ್ದರೆ ಗಂಟೆ ಚೂರುಚೂರಾಗುತ್ತಿತ್ತು. ಸಲೋಮಿ ಕುಪ್ಪಿಯನ್ನು ಕಲ್ಲಿಗೆ ಅಪ್ಪಳಿಸಿದಳು. ಮಾಂತ್ರಿಕ ನಗುತ್ತಾ ಹೊರಟುಹೋದ. ಅವಳು ಆಕಾಶ ನೋಡಿ ಕೂಗಿದಳು: "ಇನ್ನೂ ಎಷ್ಟು ಕಾಯಿಸುತ್ತೀ? ನನ್ನ ಗಂಡ ಕೈತಪ್ಪಿ ಹೋಗುತ್ತಿದ್ದಾನೆ, ನಿನಗೆ ಕಾಣುವುದಿಲ್ಲವಾ?"

ಚಳಿಗಾಲ ಬಂತು.

ಬೆಟ್ಟದ ಮೇಲಿನ ತೊರೆಗಳು ಹೆಪ್ಪುಗಟ್ಟಿದವು. ಒಂದು ಬೆಳಗ್ಗೆ ಕೊಕ್ಕರೆಗೆ ತೆರೇಸಮ್ಮ ಮೀನು ಹಿಡಿದು ಚಾಚಿದಾಗ, ಅದು ಅವಳ ಕೈಯನ್ನೇ ರಕ್ತ ಬರುವಂತೆ ಕುಕ್ಕಿತು. ಮುದುಕಿ ಗಾಯ ನೋಡಿಕೊಳ್ಳಲಿಲ್ಲ. ಗುದ್ದಲಿ ಹಿಡಿದು ನೇರ ಗುಂಡಿಯ ಬಳಿಗೆ ಬಂದಳು.

"ಪಕ್ಕಕ್ಕೆ ಸರಿ, ಸಲೋಮಿ."

"ಬೇಡ ಅತ್ತೆ. ಹುಲ್ಲು ಚಿಗುರಿಲ್ಲ."

"ನಿನಗೆ ಅವನು ಗಂಡ. ನಾನು ಹೊತ್ತು ಹೆತ್ತವಳು! ನನ್ನ ಮಗ ಹಕ್ಕಿಯಾಗಿ ಸಾಯಬೇಕಾ?"

ನರಿಯ, ಮಾಂತ್ರಿಕನ ಮಾತು ತಳ್ಳಿಹಾಕಿದಷ್ಟು ಸುಲಭವಾಗಿರಲಿಲ್ಲ ಅತ್ತೆಯ ಮಾತು ತಳ್ಳಿಹಾಕುವುದು. ಸಲೋಮಿ ಆ ಬಿಸಿ ಮಣ್ಣಿನ ಮೇಲೆ ಕುಳಿತುಬಿಟ್ಟಳು.

"ನನಗೂ ಭಯವಾಗುತ್ತಿದೆ ಅತ್ತೆ. ರಾತ್ರಿ ನಿದ್ದೆಯಿಲ್ಲ, ಗಂಟಲಲ್ಲಿ ಗಂಜಿ ಇಳಿಯುವುದಿಲ್ಲ. ಆದರೆ ದೇವರು ಕೊಟ್ಟ ಮಾತೊಂದೇ ನಮ್ಮ ಕೈಯಲ್ಲಿ ಉಳಿದಿರುವುದು. ಅದನ್ನೂ ಒಡೆದುಕೊಂಡರೆ ಏನು ಮಾಡೋಣ?"

ತೆರೇಸಮ್ಮ ಗುದ್ದಲಿ ಎತ್ತಿದಳು. ಎತ್ತಿದ ಕೈ ಕೆಳಗಿಳಿಯಿತು. ಅವಳೂ ಸೊಸೆಯ ಪಕ್ಕದಲ್ಲಿ ಕುಳಿತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಇಬ್ಬರೂ ದಿನವೂ ಅಲ್ಲೇ ಕೂತು ಪ್ರಾರ್ಥಿಸಿದರು. ಹೆಚ್ಚಿನ ದಿನ ಪ್ರಾರ್ಥನೆಗೆ ಮಾತೂ ಸಿಗುತ್ತಿರಲಿಲ್ಲ.

ಕೊನೆಗೊಂದು ಬೆಳಗ್ಗೆ, ಸುತ್ತಲೂ ಹಿಮ ಬಿದ್ದಿದ್ದಾಗ, ಗುಂಡಿಯ ಮೇಲೆ ಹುಲ್ಲಿನ ಎಳೆ ಚಿಗುರು ಕಂಡಿತು. ಸಲೋಮಿ ಅಂಗೈಯಿಟ್ಟು ನೋಡಿದಳು. ಮಣ್ಣು ತಣ್ಣಗಿತ್ತು.

ಕೇರಿಯವರೆಲ್ಲ ಸೇರಿ ಅಗೆದರು, ಹಗ್ಗ ಕಟ್ಟಿ ಎಳೆದರು, ಗಂಟೆಯನ್ನು ತೊಲೆಗೆ ತೂಗುಹಾಕಿದರು. ಒಂದು ಬಿರುಕೂ ಇರಲಿಲ್ಲ. ಸಲೋಮಿ ಬಾರಿಸಲೆಂದು ಕೈಯೆತ್ತಿ, ಕೆರೆಯ ಕಡೆ ನೋಡಿ ಹಾಗೆಯೇ ನಿಂತುಬಿಟ್ಟಳು.

ರಾಜ್ಯದ ನೀರೆಲ್ಲ ಹೆಪ್ಪುಗಟ್ಟಿತ್ತು. ಆ ಕೆರೆಯೊಂದು ಮಾತ್ರ, ಅದೂ ಗುಂಡಿಯ ಕಾವಿಗೆ, ಹೆಪ್ಪುಗಟ್ಟದೆ ಉಳಿದಿತ್ತು. ಬೆಟ್ಟ ಕಾಡುಗಳಲ್ಲಿ ಚದುರಿಹೋಗಿದ್ದ ಜಿಂಕೆ, ತೋಳ, ಮೊಲ, ಹದ್ದುಗಳೆಲ್ಲ ನೀರು ಹುಡುಕಿಕೊಂಡು ಅಲ್ಲಿಗೇ ಬಂದಿದ್ದವು. ದಂಡೆಯುದ್ದಕ್ಕೂ ಕಾಲಿಡಲು ಜಾಗವಿರಲಿಲ್ಲ.

"ಬೇಸಿಗೆಯಲ್ಲೇ ಬಾರಿಸಿದ್ದರೆ ಇವರಿಗೆಲ್ಲ ಕೇಳಿಸುತ್ತಿತ್ತಾ ಅತ್ತೆ?" ಎಂದಳು ಸಲೋಮಿ.

"ಬಾರಿಸು ಮಗಳೇ," ಎಂದಳು ತೆರೇಸಮ್ಮ.

ಗಂಟೆ ಮೊಳಗಿತು. ಮೊದಲ ನಾದಕ್ಕೆ ಗರಿಗಳು ಉದುರಿದವು. ಎರಡನೆಯದಕ್ಕೆ ಕೊಂಬುಗಳು ಕಳಚಿದವು. ಮೂರನೆಯದಕ್ಕೆ ದಂಡೆಯ ತುಂಬ ಮನುಷ್ಯರು ನಿಂತು ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗುತ್ತಿದ್ದರು. ಪೂರ್ತಿ ಮರೆತಿದ್ದವರಿಗೂ ನೆನಪು ಬಂದಿತ್ತು. ರಾಜಕುಮಾರ ಅರಮನೆಯ ಕಡೆಗೆ ಓಡಿದ. ಅಷ್ಟು ಜನರ ಆಯುಸ್ಸು ಹೀರಿ ಬದುಕಿದ್ದ ಧೂಮ್ರಜಟ ಗುಡ್ಡದ ಮೇಲೆ ಒಂದು ಹಿಡಿ ಬೂದಿಯಾಗಿ ಕುಸಿದ. ಗಾಳಿ ಅದನ್ನು ಹೊತ್ತೊಯ್ದಿತು.

ಇನ್ನಾಸಪ್ಪ ಮೊಣಕಾಲಿನವರೆಗೂ ನೀರಲ್ಲಿ ನಿಂತಿದ್ದ. ತಾಯಿಯ ಕೈಯ ಗಾಯ ಕಂಡು ಅವನ ಕಣ್ಣು ತುಂಬಿತು.

"ತುಂಬಾ ತಡವಾಯಿತಾ, ಸಲೋಮಿ?"

"ನನ್ನ ಲೆಕ್ಕದಲ್ಲಿ ತಡವೇ ಆಗಿತ್ತು ಕಣ್ರೀ," ಎಂದು ಅವಳು ಅವನ ಕೈ ಹಿಡಿದು ದಡಕ್ಕೆ ಎಳೆದುಕೊಂಡಳು.

ಆ ಸಂಜೆ ಮಂಜಿನಕೋಟೆಯಲ್ಲಿ ಒಲೆ ಉರಿಯದ ಮನೆಯೇ ಇರಲಿಲ್ಲ. ಬಂದವರಿಗೆಲ್ಲ ಎಲೆ ಹಾಕಿದರು, ಎಲ್ಲರೂ ಹೊಟ್ಟೆ ತುಂಬ ಉಂಡರು, ಬಹುಕಾಲ ಸುಖವಾಗಿ ಬಾಳಿದರು.