ವಿಮಾನದ ಡಬ್ಬಿಯಲ್ಲಿ ಇಸ್ತ್ರಿ ಅಂಗಡಿ

ತೊಂಬತ್ತೆಂಟರ ಬೇಸಿಗೆಯಲ್ಲಿ ನಮ್ಮ ಯಜಮಾನರು ಶಿವಾಜಿನಗರದ ಗುಜರಿಯಿಂದ ಒಂದು ಹಳೆಯ ಅಲ್ಯೂಮಿನಿಯಂ ಕಂಟೇನರ್ ತಂದರು. ವಿಮಾನದಲ್ಲಿ ಸರಕು ತುಂಬಿ ಕಳಿಸುತ್ತಾರಲ್ಲ, ಅಂಥದ್ದು. ಕಗ್ಗದಾಸಪುರದ ನಮ್ಮ ಮನೆಯ ಮುಂದೆ ಅದನ್ನಿಟ್ಟು, ಒಳಗೆ ಇಸ್ತ್ರಿ ಅಂಗಡಿ ತೆರೆದೆವು.

ಬಿಸಿಲಲ್ಲಿ ನಿಂತ ತಗಡು ಕಾದು ಸುಡಬೇಕು. ಇದರ ಒಳಗೋಡೆ ಮುಟ್ಟಿದರೆ ಬೆರಳು ಮರಗಟ್ಟುತ್ತಿತ್ತು. ಇಸ್ತ್ರಿಪೆಟ್ಟಿಗೆಯ ಕೆಂಡ ಒಳಗೆ ಒಯ್ದೊಡನೆ ಮಂಕಾಗುತ್ತಿತ್ತು. ಹೊರಗೆ ತಂದರೆ ಊದದೆಯೇ ಕೆಂಪಾಗುತ್ತಿತ್ತು. ಗುಜರಿಯ ಷರೀಫ್ ಸಾಬರು ಏನೋ ಮುಚ್ಚಿಟ್ಟು ಮಾರಿದ್ದಾರೆ ಎಂದು ನನಗೆ ಗುಮಾನಿ.

"ಇದ್ದಿಲೇ ಸರಿಯಿಲ್ಲ, ಸುಮ್ನಿರು," ಅಂದರು ಯಜಮಾನರು.

ಒಂದು ಮಧ್ಯಾಹ್ನ ಊಟವಾದ ಮೇಲೆ, ಹೊರಗೆ ಸೆಕೆ ಎಂದು ಪರದೆ ಎಳೆದುಕೊಂಡು ಅದರೊಳಗೇ ಮಲಗಿದರು. ಎಬ್ಬಿಸಲು ಹೋದರೆ ಮೈ ತಣ್ಣಗೆ ಕೊರೆಯುತ್ತಿತ್ತು, ತುಟಿ ನೀಲಿಯಾಗಿತ್ತು, ಮೀಸೆಯ ತುಂಬ ಬಿಳಿ ಮಂಜು ಕೂತಿತ್ತು. ಹೆದರಿ, ರಟ್ಟೆ ಹಿಡಿದು ದರದರನೆ ಬಿಸಿಲಿಗೆ ಎಳೆದೆ.

ಕಣ್ಣು ಬಿಡದೆಯೇ, "ಇಳಿದ್ವಾ?" ಅಂತ ಕೇಳಿದರು.

ಅವರು ವಿಮಾನ ಹತ್ತಿದವರೇ ಅಲ್ಲ. ಆಮೇಲೆ ವಿಚಾರಿಸಿದರೆ, ಹಾಗಂದದ್ದೇ ನೆನಪಿಲ್ಲ ಅಂದರು.

ಡಬ್ಬಿ ವಾಪಸ್ ಒಯ್ಯಿರಿ ಎಂದು ಹೇಳಿಕಳಿಸಿದೆ. ಷರೀಫ್ ಸಾಬರು ಮರುದಿನವೇ ಟೆಂಪೋ ತಂದರು. ಕಾರಣ ಕೇಳಲಿಲ್ಲ.

"ಒಳಗೆ ಯಾರಾದ್ರೂ ಮಲಗಿದ್ರಾ ಅಮ್ಮಾ?"

"ನಮ್ಮನೆಯವ್ರು ಮಲಗಿದ್ರು."

"ಎದ್ದು ಬಂದಿದ್ದು ಅವ್ರೊಬ್ರೇನಾ?"

ಒಬ್ಬರೇ ಅಂದೆ. ಅವರು ಖಾಲಿ ಕಂಟೇನರಿನ ಬದಿಗೆ ಮೆಲ್ಲಗೆ ಬಡಿದು, ತಗಡಿಗೆ ಕಿವಿಯಿಟ್ಟು, ಸುಮಾರು ಹೊತ್ತು ಹಾಗೇ ನಿಂತರು. ಆಮೇಲೇ ಅದನ್ನು ಎತ್ತಿಸಿದರು.