ಉಲ್ಟಾ ಕ್ಲಾಸಿನ ಪ್ರಜ್ಞಾ ಮೇಡಂ

“ಢಮ್!”

ತರೀಕೆರೆ ಹೊರವಲಯದ ಪಾಲಿಟೆಕ್ನಿಕ್ ಅದು. ಲ್ಯಾಬಿನಲ್ಲಿ ಸದ್ದಾದ ಮರುಕ್ಷಣವೇ ಒಬ್ಬ ಯುವಕ ಬಾಗಿಲು ತಳ್ಳಿಕೊಂಡು ಒಳನುಗ್ಗಿದ. ಓಡಿಹೋಗಿ ಮೇನ್ ಸ್ವಿಚ್ ಆರಿಸಿದ.

“ಏನ್ ಮೇಡಂ ಇದು! ಬೋರ್ಡ್ ಮೇಲೆ ಒಂದಕ್ಷರ ಇಲ್ಲ, ಮಕ್ಳ ಕೈಗೆ ಸರ್ಕ್ಯೂಟ್ ಕೊಟ್ಟು ನಿಂತಿದೀರಲ್ಲ! ಕೆಪಾಸಿಟರ್ ಸಿಡಿದು ಕಣ್ಣಿಗೆ ಬಿದ್ದಿದ್ರೆ?”

ಪ್ರಜ್ಞಾಳ ಕೆನ್ನೆ ಬಿಸಿಯಾಯಿತು. ಅತಿಥಿ ಉಪನ್ಯಾಸಕಿಯಾಗಿ ಸೇರಿ ಇನ್ನೂ ಎರಡನೇ ವಾರ. ವಿದ್ಯಾರ್ಥಿಗಳೆದುರೇ ಹೀಗಾ...

“ಮೊದ್ಲು ಎಲ್ರ ಕಣ್ಣು ನೋಡಿ ಸರ್.”

ಅವನು ತಿರುಗಿ ನೋಡಿದ. ಮೂವತ್ತಾರು ಜನರೂ ರಕ್ಷಣೆಯ ಕನ್ನಡಕ ಹಾಕಿಕೊಂಡು ಅವನನ್ನೇ ದಿಟ್ಟಿಸುತ್ತಿದ್ದರು!

“ಪಾಠನ ವಿಡಿಯೋ ಮಾಡಿ ಮುಂಚೇನೇ ಕಳಿಸ್ತೀನಿ. ಮನೇಲಿ ನೋಡ್ಕೊಂಡ್ ಬತ್ತಾರೆ, ಇಲ್ಲಿ ಕೈಯಾರೆ ಮಾಡ್ತಾರೆ. ಪ್ಲಸ್ ಮೈನಸ್ ಅದಲುಬದಲಾದ್ರೆ ಏನಾಗುತ್ತೆ ಅಂತ ಇನ್ನು ಜನ್ಮದಲ್ಲಿ ಮರೆಯಲ್ಲ ಇವ್ರು!”

ಅವನು ತಲೆ ಕೆರೆದುಕೊಂಡ. “ಸಾರಿ ಮೇಡಂ... ನಾನು ಹೃಷಿಕೇಶ. ಈ ಲ್ಯಾಬು ನನ್ ಜವಾಬ್ದಾರಿ. ಗಾಬರಿ ಆಗ್ಬಿಡ್ತು.”

ಮರುದಿನದಿಂದ ಅವನು ಟೂಲ್ಸ್ ಪೆಟ್ಟಿಗೆ ಹಿಡಿದು ಅವಳ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂರತೊಡಗಿದ. ಕೆಟ್ಟು ಮೂಲೆ ಸೇರಿದ್ದ, ಕರೆಂಟ್ ಅಳೆಯುವ ಹನ್ನೊಂದು ಮಲ್ಟಿಮೀಟರ್‌ಗಳನ್ನು ಒಂದೊಂದಾಗಿ ರಿಪೇರಿ ಮಾಡಿ ಅವಳ ಟೇಬಲ್ ಮೇಲಿಟ್ಟ. ಸಂಜೆ ಅವಳು ಕಡೂರಿನ ಬಸ್ಸಿಗೆ ಕಾಯುವಾಗ ಅವನೂ ಬಂದು ನಿಲ್ಲುತ್ತಿದ್ದ. ಅವನೂರು ಲಿಂಗದಹಳ್ಳಿ; ಅವನ ಬಸ್ಸು ನಿಲ್ಲುವುದು ಬೇರೆ ಕಡೆ!

‘ಇವನ್ಯಾಕೆ ಇಲ್ಲಿ ನಿಲ್ತಾನೆ?’ ಎಂದುಕೊಳ್ಳುತ್ತಲೇ ಅವಳು ಅವನು ಬರುವ ದಾರಿ ನೋಡುತ್ತಿದ್ದಳು.

ಯಗಟಿಯಲ್ಲಿ ಕುರಿ ಮೇಯಿಸಿ ತನ್ನನ್ನು ಓದಿಸಿದ ಅಪ್ಪ ರಾಮಯ್ಯನ ಬಗ್ಗೆ, ಮನೆಯಲ್ಲಿ ದಿನಾ ಕೈಮುಗಿಯುವ ಬುದ್ಧನ ಪಟದ ಬಗ್ಗೆ ಅವಳು ಹೇಳಿದಳು. ಅವನು ಸುಮ್ಮನೆ ಕೇಳಿದ. ಹಾಗೆ ಕೇಳುವವರು ಅವಳಿಗೆ ಅದುವರೆಗೆ ಸಿಕ್ಕಿರಲಿಲ್ಲ.

ಆದರೆ...

ಒಂದು ಬೆಳಿಗ್ಗೆ ಪ್ರಿನ್ಸಿಪಾಲ್ ಷಣ್ಮುಖಪ್ಪ ಕರೆಸಿದರು. “ಏನಮ್ಮಾ, ಮೇಡಂ ಪಾಠಾನೇ ಮಾಡಲ್ಲ ಅಂತ ಪೋಷಕರು ದೂರ್ತಾವ್ರೆ. ಹದಿನೆಂಟು ಮಕ್ಳು ನಿಮ್ ವಿಡಿಯೋನೇ ನೋಡಿಲ್ವಂತೆ! ಪಟ್ಟಿ ನೋಡಿ ಇಲ್ಲಿ.”

ಪಟ್ಟಿಯ ಅಕ್ಷರ ಹೃಷಿಕೇಶನದು.

ಹಿಂದಿನ ಬೆಂಚಿನಲ್ಲಿ ಕೂತಿದ್ದು ಇದಕ್ಕಾ? ತಪ್ಪು ಎಣಿಸೋಕಾ?

“ತಿಂಗಳ ಕೊನೇಲಿ ಹೊರಗಿನ ಪರೀಕ್ಷಕರನ್ನ ಕರೆಸ್ತೀನಿ. ನಿಮ್ ಸೆಕ್ಷನ್ನಿಗೂ, ಮಾಮೂಲಿ ಪಾಠದ ಇನ್ನೊಂದು ಸೆಕ್ಷನ್ನಿಗೂ ಒಂದೇ ಪರೀಕ್ಷೆ. ನಿಮ್ಮೋರು ಹಿಂದೆ ಬಿದ್ರೆ ಮುಂದಿನ ಸೆಮಿಸ್ಟರ್‌ಗೆ ನಿಮ್ಮನ್ನ ಉಳಿಸ್ಕೊಳಕ್ಕಾಗಲ್ಲ.”

ಹೊರಗೆ ಹೃಷಿಕೇಶ ಕಾಯುತ್ತಿದ್ದ. “ಪ್ರಜ್ಞಾ, ಆ ಪಟ್ಟಿ...”

“ಒಂದ್ ಮಾತೂ ಬೇಡ! ನನ್ನ ಹತ್ರಾನೇ ಹೇಳ್ಬೋದಿತ್ತಲ್ಲ ಸರ್?”

ಅಂದಿನಿಂದ ಅವಳು ಬಸ್ ಸ್ಟಾಪಿನಲ್ಲಿ ಮುಖ ತಿರುಗಿಸಿ ನಿಂತಳು. ಒಂದೆರಡು ದಿನ ಮಾತಾಡಿಸಲು ನೋಡಿದ ಅವನು ಆಮೇಲೆ ದೂರವೇ ಉಳಿದ. ಪಾಠ ಮಾತ್ರ ಬಿಡಲಿಲ್ಲ ಅವಳು. ವಿಡಿಯೋಗಳನ್ನು ಏಳೇ ನಿಮಿಷಕ್ಕೆ ಇಳಿಸಿದಳು. ತನ್ನೂರಿನ ಮಾತಲ್ಲೇ ವಿವರಿಸಿದಳು. ಅಚ್ಚರಿಯೆಂದರೆ, ವಾರ ಕಳೆದಂತೆ ಎಲ್ಲರೂ ವಿಡಿಯೋ ನೋಡಿಕೊಂಡೇ ಬರತೊಡಗಿದರು!

ಪರೀಕ್ಷೆಯ ದಿನ ಬಂತು. ಪರೀಕ್ಷಕಿ ವನಜಾಕ್ಷಿ ಬರೆಯಲು ಏನೂ ಕೊಡಲಿಲ್ಲ. ಎಸಿ ಕರೆಂಟನ್ನು ಡಿಸಿ ಮಾಡುವ ರೆಕ್ಟಿಫೈಯರ್ ಬೋರ್ಡುಗಳನ್ನು ಎಲ್ಲರ ಮುಂದಿಟ್ಟರು. “ಒಂದೊಂದರಲ್ಲೂ ಒಂದು ದೋಷ ಇದೆ. ಹುಡುಕಿ. ಅರ್ಧ ಗಂಟೆ.”

ಇನ್ನೊಂದು ಸೆಕ್ಷನ್ನಿನವರು ಬೋರ್ಡನ್ನು ತಿರುಗಿಸಿ ಮುರುಗಿಸಿ ನೋಡುತ್ತ ಕೂತರು. ಪ್ರಜ್ಞಾಳ ವಿದ್ಯಾರ್ಥಿಗಳು ತಡಮಾಡದೆ ಮೀಟರ್ ಕೈಗೆತ್ತಿಕೊಂಡರು.

ಶಿವನಿಯಿಂದ ಬರುವ ದೀಪಶ್ರೀ ಎಲ್ಲರಿಗಿಂತ ಮೊದಲು ಎದ್ದಳು. ಕ್ಲಾಸಿನಲ್ಲಿ ಬಾಯೇ ಬಿಡದ ಹುಡುಗಿ!

“ಮೇಡಂ, ನಾಲ್ಕು ಡಯೋಡಲ್ಲಿ ಒಂದು ಸತ್ತೋಗಿದೆ. ಕರೆಂಟಿನ ಅಲೆ ಒಂದ್ಸಲ ಬತ್ತದೆ, ಒಂದ್ಸಲ ಇಲ್ಲ. ಕರೆಂಟ್ ತೆಗೆದು ಮೀಟರಲ್ಲಿ ನೋಡ್ದೆ, ಒಂದ್ ಕಡೆಯಿಂದಾದ್ರೂ ಬಿಡ್ಬೇಕಿತ್ತು, ಯಾವ ಕಡೆಯಿಂದ ಇಟ್ರೂ ದಾರಿ ಬಿಡ್ತಿಲ್ಲ.”

ವನಜಾಕ್ಷಿ ಕನ್ನಡಕ ಸರಿಮಾಡಿಕೊಂಡು ನಕ್ಕರು. “ಭೇಷ್ ಕಣಮ್ಮಾ!”

ಪ್ರಜ್ಞಾಳ ಮೂವತ್ತಾರರಲ್ಲಿ ಮೂವತ್ತೊಂದು ಜನ ದೋಷ ಹುಡುಕಿದ್ದರು. ಇನ್ನೊಂದು ಕಡೆ, ಒಂಬತ್ತು.

“ಪ್ರಿನ್ಸಿಪಾಲ್ರೇ, ಈ ಮೇಡಂನ ಬಿಟ್ಕೊಡ್ಬೇಡಿ. ಉಳಿದ ಮೇಷ್ಟ್ರಿಗೂ ಇವರಿಂದಲೇ ಹೇಳ್ಕೊಡ್ಸಿ!” ಎಂದರು ವನಜಾಕ್ಷಿ. ಷಣ್ಮುಖಪ್ಪ ಎಲ್ಲರೆದುರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಲ್ಯಾಬೇ ಅದುರುವಂತೆ ಕೇಕೆ ಎದ್ದಿತು!

ಪ್ರಜ್ಞಾ ದೀಪಶ್ರೀಯನ್ನು ತಬ್ಬಿಕೊಂಡಳು. “ಮನೇಲಿ ಫೋನಿಲ್ಲ ಅಂದಿದ್ದೆ. ವಿಡಿಯೋ ಎಲ್ಲಿ ನೋಡ್ದೆ?”

“ಹೃಷಿಕೇಶ್ ಸರ್ ದಿನಾ ಎಂಟು ಗಂಟೆಗೇ ಕಂಪ್ಯೂಟರ್ ರೂಮ್ ತೆಗೀತಾರಲ್ಲ ಮೇಡಂ? ಫೋನು, ನೆಟ್‌ವರ್ಕು ಇಲ್ದಿರೋ ಹದಿನೆಂಟು ಜನರ ಹೆಸ್ರು ಬರ್ಕೊಂಡೋಗಿ ಪ್ರಿನ್ಸಿಪಾಲ್ರ ಹತ್ರ ರೂಮ್ ಕೇಳಿದ್ರು. ಅವ್ರು ಮೊದ್ಲು ಒಪ್ಲಿಲ್ಲ, ಆಮೇಲೆ ಪರ್ಮಿಷನ್ ಕೊಟ್ರು. ನಿಮ್ಗೆ ಗೊತ್ತಿಲ್ವಾ?”

ಹದಿನೆಂಟು ಹೆಸರು... ಅದೇ ಪಟ್ಟಿ!

ಪ್ರಜ್ಞಾಳ ಕಣ್ಣು ತುಂಬಿತು. ಒಂದು ಮಾತು ಆಡಲೂ ಬಿಡದೆ ಅವನನ್ನು ಎಷ್ಟು ನೋಯಿಸಿಬಿಟ್ಟೆ! ಅವಳು ಕಾರಿಡಾರಿಗೆ ಓಡಿದಳು. ಅವನು ಕಂಪ್ಯೂಟರ್ ರೂಮಿನಲ್ಲಿ ಕುರ್ಚಿ ಜೋಡಿಸುತ್ತಿದ್ದ.

“ತಪ್ಪಾಯ್ತು ಕಣ್ರೀ... ಜಗಳ ಆಡಿಯಾದ್ರೂ ಹೇಳ್ಬಾರ್ದಿತ್ತಾ?”

“ಹೇಳಕ್ ಬಂದೆ. ಬಿಡ್ಲಿಲ್ವಲ್ಲ ನೀವು!” ಅವನು ನಕ್ಕ. ಆಮೇಲೆ ಗಂಭೀರನಾದ. “ಇನ್ನೊಂದ್ ವಿಷ್ಯ. ನಿಮ್ ಬಗ್ಗೆ ನಮ್ಮಮ್ಮಂಗೆ ಹೇಳ್ದೆ.”

“ಏನಂತ?”

“ಮದ್ವೆ ಅಂತಾದ್ರೆ ಇವರನ್ನೇ ಅಂತ. ನಿಮ್ ಮನೆ, ನಿಮ್ ಜನ... ಎಲ್ಲಾನೂ ಹೇಳ್ದೆ. ಮೂರ್ ದಿನ ಮಾತು ಬಿಟ್ರು. ನಿನ್ನೆ, ‘ಕರ್ಕಂಡ್ ಬಾರೋ, ಅವಳ್ಗೇನಿಷ್ಟ ಅಂತ ಕೇಳ್ಕಂಡ್ ಬಾ, ಅಡುಗೆ ಮಾಡ್ತೀನಿ’ ಅಂದ್ರು.”

ಅವಳು ಬೆರಗಾದಳು. “ನನ್ನ ಕೇಳೋಕ್ ಮುಂಚೆ ಅಮ್ಮಂಗೆ ಹೇಳಿದ್ರಾ?”

“ಹೂಂ. ನೀವು ಒಪ್ಪಿದ್ಮೇಲೆ ನಮ್ಮನೇಲಿ ಬೇಡ ಅಂದ್ರೆ ಆ ನೋವು ನಿಮ್ಗಾಗುತ್ತೆ. ಅದು ಬೇಡ ಅನ್ನಿಸ್ತು.”

ಇಷ್ಟು ದಿನ ಬಿಗಿಹಿಡಿದಿದ್ದ ಅಳು, ನಗು ಎರಡೂ ಒಟ್ಟಿಗೆ ಬಂದವು. ಅವಳು ಅವನ ಕೈ ಹಿಡಿದಳು.

“ಸರಿ. ಈಗ ನನ್ನ ಕೇಳಿ.”

“ನನ್ನ ಮದ್ವೆ ಆಗ್ತೀರಾ ಪ್ರಜ್ಞಾ?”

“ಆಗ್ತೀನಿ. ನಿಮ್ಮಮ್ಮಂಗೆ ಹೇಳಿ... ನಂಗೆ ಅಕ್ಕಿ ರೊಟ್ಟಿ ಇಷ್ಟ ಅಂತ.”