ಜೇವರ್ಗಿಯಿಂದ ಬಾರದ ಮೇಲ್

ಬೆಳಿಗ್ಗೆ ಹತ್ತೂಕಾಲಕ್ಕೆ ಗುರುಶಾಂತನ ಫೋನ್ ಬಂದರೆ ಸರ್ವರ್‌ಗೆ ಏನೋ ಆಗಿದೆ ಎಂದರ್ಥ. ಸರ್ವರ್‌ಗೆ ಏನೂ ಆಗದ ದಿನವೂ ಫೋನ್ ಬರುತ್ತಿತ್ತು, ಅದು ಬೇರೆ ಮಾತು.

"ವಿದ್ಯಾ, ನಂಬರ್ ಬಂತೇನು?"

"ಬಂತು."

"ಹೇಳು ಮತ್ತ."

"ತಡಿ, ಇನ್ನೊಂಚೂರು ಕಾಡಸ್ತೇನಿ."

ಆ ತೊಗರಿಬೇಳೆ ಕಂಪನಿಗೆ ಆಳಂದದಲ್ಲಿ ಮುಖ್ಯ ಆಫೀಸು, ಅಫಜಲಪುರ ಮತ್ತು ಜೇವರ್ಗಿಯಲ್ಲಿ ಶಾಖೆ. ಮೂರೂ ಕಡೆಯ ಮೇಲ್ ಓಡಾಡುತ್ತಿದ್ದುದು ಆಳಂದದ ಒಂದೇ ಸರ್ವರ್ ಮೂಲಕ. ಅದನ್ನು ನೋಡಿಕೊಳ್ಳುವವಳು ವಿದ್ಯಾವತಿ. ಅವಳಿಗೆ ಆ ಕೆಲಸ ಕಲಿಸಿದವನು ಅಫಜಲಪುರ ಶಾಖೆಯ ಗುರುಶಾಂತ. ದೊಡ್ಡ ತೊಂದರೆ ಬಂದರೆ ಅವನೇ ಅಲ್ಲಿಂದ ಸರ್ವರ್ ಹೊಕ್ಕು ಸರಿಮಾಡಬೇಕು. ಹೊರಗಿನಿಂದ ಒಳಬರಲು ಇದ್ದದ್ದು ಒಂದೇ ಲಾಗಿನ್, ವಿದ್ಯಾವತಿಯದು. ಅವನು ಪಾಸ್‌ವರ್ಡ್ ಹಾಕಿದೊಡನೆ ಇವಳ ಮೊಬೈಲಿಗೆ ಆರಂಕಿಯ ಒಟಿಪಿ ಬರುತ್ತಿತ್ತು. ಇವಳು ಓದಿ ಹೇಳುತ್ತಿದ್ದಳು.

ಹಾಗೆ ಹೇಳಬಾರದು ಎಂದು ನಿಯಮವಿತ್ತು. ಪ್ರೀತಿಯಲ್ಲಿ ಬಿದ್ದವರು ನಿಯಮ ಓದಿದ್ದು ಯಾವಾಗ?

ಒಂದೊಂದೇ ಅಂಕಿ ಹೇಳಿ ನಿಲ್ಲಿಸುವಳು. ಅವನು "ಕೇಳಿಸ್ಲಿಲ್ಲ, ಮತ್ತೊಮ್ಮೆ ಹೇಳು" ಎನ್ನುವನು. ಎರಡನೇ ಶನಿವಾರ ಮೀಟಿಂಗಿಗೆ ಆಳಂದಕ್ಕೆ ಬಂದಾಗ ಮಾತ್ರ ಇಬ್ಬರೂ ಶುದ್ಧ ಆಫೀಸಿನವರು, "ಬರ್ರಿ ಸರ್," "ಕುಂದರ್ರಿ ಮೇಡಂ." ಅವನು ಕುಡಿಯುತ್ತಿದ್ದ ಚಹಾದ ಕಪ್ಪಿನ ಮೇಲಿನಿಂದ ಕಣ್ಣೆತ್ತಿ ನೋಡಿದರೆ, ಇವಳು ಓದುತ್ತಿದ್ದ ಸಾಲನ್ನೇ ಮತ್ತೆ ಮೊದಲಿಂದ ಓದುತ್ತಿದ್ದಳು. ಎರಡು ವರ್ಷ ಹೀಗೇ ಕಳೆದಿತ್ತು. ಮನೆಗೆ ಬಂದು ಕೇಳುತ್ತೇನೆ ಎಂಬ ಒಂದು ಮಾತು ಮಾತ್ರ ಅವನ ಬಾಯಿಂದ ಬಂದಿರಲಿಲ್ಲ.

ಆ ಗುರುವಾರ ಫೋನ್ ಮಾಡಿದ್ದು ಗುರುಶಾಂತನಲ್ಲ, ಜೇವರ್ಗಿ ಶಾಖೆಯ ಮುಖ್ಯಸ್ಥೆ ಖುರ್ಷಿದಬೇಗಂ.

"ಏನ್ ಬೇಟಿ, ಇಷ್ಟು ಸೊಕ್ಕೇನು ನಿನಗ? ಮೂರು ಮೇಲ್ ಹಾಕೇನಿ. ಒಂದಕ್ಕ ಜವಾಬು ಕೊಟ್ಟಿ, ಅದೂ ಒಲ್ಲೆ ಅಂತ!"

"ಯಾವ ಮೇಲ್ ರೀ ಮೇಡಂ?"

"ಜೇವರ್ಗಿಗೆ ಹೊಸ ಸರ್ವರ್ ಬರಾಕತ್ತದ, ಇಡೀ ಕಂಪ್ಯೂಟರ್ ವಿಭಾಗ ನೀನೇ ನೋಡ್ಕೋ ಅಂತ ಬರ್ದಿದ್ದೆ. ನೀ ಏನ್ ಬರ್ದಿ? ಕೇಳು. 'ಮನೆಯ ಅಡಚಣೆಯಿಂದ ಬರಲಾಗುವುದಿಲ್ಲ. ಶರಣು ಶರಣಾರ್ಥಿ.'"

ವಿದ್ಯಾವತಿ ಬಹಳ ದಿನದಿಂದ ಕನಸು ಕಂಡ ಹುದ್ದೆ ಅದು. ಆ ಆಸೆಯನ್ನು ಹೇಳಿಕೊಂಡದ್ದು ಒಬ್ಬನ ಹತ್ತಿರ ಮಾತ್ರ. ಮೇಲ್ ಕೊನೆಗೆ ಶರಣು ಶರಣಾರ್ಥಿ ಎಂದು ಬರೆಯುವವನೂ ಅವನೇ. ಆದರೂ ಮನಸ್ಸು ವಾದ ಹೂಡಿತು: ಶರಣಾರ್ಥಿ ಎನ್ನುವವರು ನಮ್ಮ ಸೀಮೆಯಲ್ಲಿ ಊರಿಗೆ ನೂರು ಜನ.

"ಮೇಡಂ, ಫೋನ್ ಇಡಬ್ಯಾಡ್ರಿ. ಈಗೊಂದು ಮೇಲ್ ಕಳಸ್ರಿ ನನಗ. ಏನೂ ಬರೀದಿದ್ರೂ ನಡೀತದ."

ಕಳಿಸಿದರು. ಮೇಲ್‌ಗಳ ಓಡಾಟವೆಲ್ಲ ದಾಖಲಾಗುವ ಸರ್ವರ್‌ನ ಲಾಗ್ ತೆರೆದಳು. ಮೇಲ್ ಬಂದಿತ್ತು, ಅವಳ ಪೆಟ್ಟಿಗೆಗೆ ತಲುಪಿಯೂ ಇತ್ತು. ಇನ್‌ಬಾಕ್ಸ್‌ನಲ್ಲಿ ಇರಲಿಲ್ಲ. ಸ್ಪ್ಯಾಮ್‌ನಲ್ಲೂ ಇಲ್ಲ. ಕೊನೆಗೆ, ತಾನು ಎಂದೂ ಮುಟ್ಟದ ಫಿಲ್ಟರ್‌ಗಳ ಪುಟ ತೆರೆದಳು. ಅಲ್ಲಿ ಒಂದೇ ಒಂದು ಸಾಲು: ಖುರ್ಷಿದಬೇಗಂ ಕಳಿಸಿದ ಯಾವ ಮೇಲ್ ಬಂದರೂ ಓದಿದ್ದೆಂದು ಗುರುತು ಹಾಕಿ 'ಹಳೆಯದು' ಎಂಬ ಫೋಲ್ಡರಿಗೆ ಸರಿಸು. ಆ ಫೋಲ್ಡರಿನಲ್ಲಿ ಹಿಂದಿನ ಮೂರು ಮೇಲೂ ಇದ್ದವು, ಮೊದಲನೆಯದು ಒಂಬತ್ತನೇ ತಾರೀಖು ಬೆಳಿಗ್ಗೆ ಬಂದದ್ದು.

ಲಾಗ್ ಪ್ರಕಾರ ಫಿಲ್ಟರ್ ಹಾಕಿದ್ದು, ಜವಾಬು ಹೋದದ್ದು ಎರಡೂ ಒಂಬತ್ತನೇ ತಾರೀಖು, ಹತ್ತೂವರೆಗೆ, ಅಫಜಲಪುರದಿಂದ. ಮೊಬೈಲ್ ತೆಗೆದು ನೋಡಿದಳು. ಒಂಬತ್ತನೇ ತಾರೀಖು ಹತ್ತೂಕಾಲಕ್ಕೆ ಗುರುಶಾಂತನ ಕರೆ, ಇಪ್ಪತ್ತೆರಡು ನಿಮಿಷ. ಅವನು ಅವಳನ್ನು ನಗಿಸುತ್ತಲೇ ಅವಳ ದಾರಿಗೆ ಕಲ್ಲು ಹಾಕಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಒಟಿಪಿ ಓದಿ ಹೇಳಿ ಒಳಗೆ ಬಿಟ್ಟವಳೂ ಅವಳೇ.

"ಬೇಟಿ, ಇದ್ದೀಯೇನು?" ಫೋನಿನಲ್ಲಿ ಖುರ್ಷಿದಬೇಗಂ ಕೇಳಿದರು.

"ಆ ಜವಾಬು ನಾ ಬರ್ದದ್ದಲ್ರಿ."

"ಸಂಜಿ ತನಕ ಬ್ಯಾರೆ ಹೆಸರು ಕಳಸಂಗಿಲ್ಲ. ಅಷ್ಟರಾಗ ವಿಚಾರ ಮಾಡು."

ಪಾಸ್‌ವರ್ಡ್ ಬದಲಿಸಿ ವಿದ್ಯಾವತಿ ಅಫಜಲಪುರಕ್ಕೆ ಫೋನ್ ಮಾಡಿದಳು. "ಗುರುಶಾಂತ ಸರ್, ಸ್ವಲ್ಪ ಆಳಂದಕ್ಕ ಬಂದು ಹೋಗ್ರಿ."

ಆ 'ಸರ್' ಕೇಳಿಯೇ ಅವನಿಗೆ ತಿಳಿಯಿತು. ಮೂರು ಗಂಟೆಗೆ ಬಸ್ಸಿಳಿದು ಬಂದವನ ಅಂಗಿಯೆಲ್ಲ ಧೂಳು. ಅವಳು ಕಂಪ್ಯೂಟರಿನ ಪರದೆಯನ್ನು ಅವನ ಕಡೆ ತಿರುಗಿಸಿದಳು, ಅಷ್ಟೇ.

"ನಾನೇ ಮಾಡೇನಿ," ಎಂದ.

"ಯಾಕ?"

"ಅಲ್ಲಿ ಹೋದ್ರ ಎಲ್ಲಾ ನಿನ್ನ ಕೈಯಾಗೇ ಇರ್ತದ. ನನ್ನ ಗರಜ ಇರಂಗಿಲ್ಲ ನಿನಗ. ಮುಂಜಾನೆದ್ದು ಫೋನ್ ಮಾಡ್ಲಿಕ್ಕೂ ಒಂದು ನೆಪ ಉಳಿಯಂಗಿಲ್ಲ. ಅಂಜಿಕಿ ಬಂತು ವಿದ್ಯಾ."

"ನೆಪ ಯಾಕ ಬೇಕಿತ್ತು? ಸುಮ್ನ ಮಾಡಿದ್ರ ಎತ್ತತಿರ್ಲಿಲ್ಲೇನು ನಾ?"

ಅವನ ಕಣ್ಣು ತುಂಬಿತು. ಅವಳಿಗೆ ಎಷ್ಟು ಸಿಟ್ಟಿದ್ದರೂ ಆ ಮುಖದ ಮೇಲಿನ ಆಸೆ ಹೋಗಿರಲಿಲ್ಲ. ಮೋಸ ಮಾಡಿದವನ ಮೇಲೆ ಪ್ರೀತಿಯೂ ಸತ್ತುಹೋಗಿದ್ದರೆ ಎಷ್ಟು ಸುಲಭವಿತ್ತು!

"ತಪ್ಪಾಗ್ಯದ. ಸಾಹೇಬ್ರ ಮುಂದ ನಾನೇ ಹೇಳ್ತೇನಿ, ನೌಕರಿ ಹೋದ್ರೂ ಹೋಗ್ಲಿ," ಎಂದ. ಆಮೇಲೆ ದನಿ ತಗ್ಗಿಸಿದ. "ಐತವಾರ ಅವ್ವನ್ನ ಕರ್ಕೊಂಡು ನಿಮ್ಮ ಮನಿಗಿ ಬರ್ತೇನಿ. ನಿಮ್ಮಪ್ಪಾರಿಗೆ ಕೇಳ್ತೇನಿ. ನೀ ಜೇವರ್ಗಿಗೆ ಹೋಗಬ್ಯಾಡ."

ಎರಡು ವರ್ಷ ಕಾದ ಮಾತು! ಅದು ಕಿವಿಗೆ ಬಿದ್ದ ಕೂಡಲೇ ಕೈ ತಾನಾಗಿ ಅವನ ಕಡೆ ಹೋಗಿಬಿಟ್ಟಿತು. ಅವಳು ಅದನ್ನು ಹಿಂದೆಗೆದುಕೊಂಡಳು.

"ಹೋದ ತಿಂಗಳು ಇದನ್ನ ಕೇಳಿದ್ರ ಕುಣದಾಡಿ ಹೂಂ ಅಂತಿದ್ದೆ. ಈಗ ನೀ ನನ್ನ ಕೇಳಾಕತ್ತಿಲ್ಲ ಗುರು, ತಡ್ಯಾಕತ್ತೀ. ನಾಳಿ ಮದುವಿ ಆದ್ಮ್ಯಾಲ ನಿನಗ ಮತ್ತ ಅಂಜಿಕಿ ಬಂದ್ರ, ನನ್ನ ಹೆಸರಿಲಿ ಇನ್ನ ಯಾರಿಗೇನು ಬರೀತೀ ಅಂತ ದಿನಾ ನೋಡ್ಕೋತ ಕುಂದರಲೇನು?"

ಅವನು ಎದ್ದು ಬಾಗಿಲವರೆಗೆ ಹೋಗಿ ತಿರುಗಿದ.

"ನನ್ನ ಮರ್ತಬಿಡ್ತೀಯೇನು?"

"ಮರೀಲಿಕ್ಕಾಗಂಗಿಲ್ಲ. ಆದ್ರೂ ನಿನ್ನ ಒಲ್ಲೆ."

ಅವನು ಸಾಹೇಬರ ಕೋಣೆಯತ್ತ ನಡೆದ. ವಿದ್ಯಾವತಿ ಸೆರಗಿನಿಂದ ಕಣ್ಣೊರೆಸಿಕೊಂಡಳು, ಮತ್ತೆ ತುಂಬಿತು, ಮತ್ತೆ ಒರೆಸಿಕೊಂಡಳು. ಆಮೇಲೆ ಜೇವರ್ಗಿಗೆ ಫೋನ್ ಹಚ್ಚಿದಳು.

"ಮೇಡಂ, ಸೋಮವಾರ ಬರ್ತೇನ್ರಿ."

"ಅಳಾಕತ್ತೀಯೇನು ಬೇಟಿ?"

"ಹೌದ್ರಿ," ಎಂದಳು. "ಆದ್ರ ಬರ್ತೇನಿ."